ರೋಗಿ ಸುರಕ್ಷತೆ ನೋಡಿ ಆಸ್ಪತ್ರೆ ಆರಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲಕ್ಕಿಂತ ಒಳ್ಳೆಯ ಆಸ್ಪತ್ರೆ ಯಾವುದು ಎಂದು ನೇರವಾಗಿ ಹೇಳಿಬಿಡಬಹುದಲ್ಲ?

ಹೇಳಲು ಬರುವುದಿಲ್ಲ. ಹೃದಯದ ಆಪರೇಷನ್‌ನಲ್ಲಿ ಪಳಗಿದ ಆಸ್ಪತ್ರೆಯ ಹೆರಿಗೆ ವಾರ್ಡ್ ತೀರಾ ಸಾಧಾರಣವಾಗಿರಬಹುದು. ಮಂಡಿ ಕೀಲು ಬದಲಾವಣೆಯನ್ನು ದಿನವೂ ಮಾಡುವ ಕಡೆ ರಾತ್ರಿ ಪಾಳಿಯ ಐಸಿಯು ನೋಡಿಕೊಳ್ಳಲು ಅನುಭವಿಗಳೇ ಇಲ್ಲದಿರಬಹುದು. ಆಸ್ಪತ್ರೆಗೆ ಆಸ್ಪತ್ರೆಯನ್ನು ಹೋಲಿಸಲು ಹೊರಟರೆ ದಾರಿ ತಪ್ಪುತ್ತದೆ. ಹೋಲಿಸಬೇಕಾದ್ದು ನಿಮಗೆ ಆಗಬೇಕಾದ ಆ ಒಂದು ಚಿಕಿತ್ಸೆಯನ್ನು. ಮೊದಲು ಡಾಕ್ಟರ ಬಳಿ ಕಾಯಿಲೆಯ ಸರಿಯಾದ ಹೆಸರು, ಆಪರೇಷನ್‌ನ ಸರಿಯಾದ ಹೆಸರು ಬರೆಸಿಕೊಳ್ಳಿ. "ಹೊಟ್ಟೆ ಆಪರೇಷನ್" ಎಂದು ವಿಚಾರಿಸಿದರೆ ಯಾರೂ ಉಪಯೋಗಕ್ಕೆ ಬರುವ ಉತ್ತರ ಕೊಡಲಾರರು. ಪಿತ್ತಕೋಶ ತೆಗೆಯುವುದೋ, ಮೇದೋಜೀರಕ ಗ್ರಂಥಿಯ ಭಾಗ ತೆಗೆಯುವುದೋ ಎಂಬುದು ಗೊತ್ತಿರಬೇಕು. ಇವೆರಡರ ಅಪಾಯಕ್ಕೆ ಅಜಗಜಾಂತರ.

ಸುರಕ್ಷತೆ, ಗುಣಮಟ್ಟ ಎರಡೂ ಒಂದೇ ಅಲ್ಲವೇ?

ಹತ್ತಿರದವು, ಒಂದೇ ಅಲ್ಲ. ಸರಿಯಾದ ಚಿಕಿತ್ಸೆ ಸರಿಯಾದ ಹೊತ್ತಿಗೆ ಸಿಕ್ಕಿತೇ ಎಂಬುದು ಗುಣಮಟ್ಟ. ಚಿಕಿತ್ಸೆ ಕೊಡಲು ಹೋಗಿ ಹೊಸ ಹಾನಿ ಮಾಡಲಿಲ್ಲವೇ ಎಂಬುದು ಸುರಕ್ಷತೆ. ನ್ಯುಮೋನಿಯಾಕ್ಕೆ ತಕ್ಕ ಆ್ಯಂಟಿಬಯಾಟಿಕ್ ಬೇಗ ಸಿಕ್ಕರೆ ಗುಣಮಟ್ಟ ಚೆನ್ನಾಗಿದೆ. ಅದೇ ರೋಗಿ ರಾತ್ರಿ ಶೌಚಾಲಯಕ್ಕೆ ಒಬ್ಬರೇ ಎದ್ದು ಹೋಗಿ ಬಿದ್ದು ಸೊಂಟ ಮುರಿದುಕೊಂಡರೆ ಸುರಕ್ಷತೆ ಕೆಟ್ಟಿದೆ.

ಈ ಕ್ಷೇತ್ರದವರು ಅಳೆಯುವುದನ್ನು ಮೂರು ಪಾಲು ಮಾಡುತ್ತಾರೆ. ಚಿಕಿತ್ಸೆಯ ಗುಣಮಟ್ಟ ಅಳೆಯುವ ಬಗ್ಗೆ ಕೆಲಸ ಮಾಡಿದ ವೈದ್ಯ ಅವೆಡಿಸ್ ಡೊನಬೆಡಿಯನ್ 1966ರಲ್ಲಿ ಹಾಕಿಕೊಟ್ಟ ವಿಂಗಡಣೆ ಅದು: ಏನೇನು ಇದೆ (ಸಿಬ್ಬಂದಿ, ಯಂತ್ರ, ಹಾಸಿಗೆ), ಏನು ಮಾಡುತ್ತಾರೆ, ಕೊನೆಗೆ ಏನಾಯಿತು. ಜಾಹೀರಾತಿನಲ್ಲಿ ಕಾಣುವುದು ಮೊದಲನೆಯದು ಮಾತ್ರ. ನಿಮಗೆ ಬೇಕಾದ್ದು ಉಳಿದೆರಡು.

ಸಾವಿನ ಪ್ರಮಾಣ ಕಡಿಮೆ ಇರುವ ಕಡೆಗೆ ಹೋದರಾಯಿತಲ್ಲ?

ಅತಿ ಹೆಚ್ಚು ಜನ ಎಡವುವುದು ಇಲ್ಲೇ. 1863ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಕಟಿಸಿದ ಕೋಷ್ಟಕದಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ. 90ಕ್ಕಿಂತ ಹೆಚ್ಚಿತ್ತು. ಹಾಗೆಂದು ಒಳಗೆ ಹೋದ ಹತ್ತು ಜನರಲ್ಲಿ ಒಂಬತ್ತು ಜನ ಸತ್ತರೆಂದಲ್ಲ. ವರ್ಷವಿಡೀ ಆದ ಸಾವುಗಳನ್ನು ಒಂದು ನಿಗದಿತ ದಿನ ಹಾಸಿಗೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರು. ವರ್ಷದಲ್ಲಿ ದಾಖಲಾದವರಿಂದ ಭಾಗಿಸಿದ್ದರೆ ಅಂಕಿ ಎಷ್ಟೋ ಪಾಲು ಇಳಿಯುತ್ತಿತ್ತು. ಆ ಕಾಲದ ವೈದ್ಯರೇ ಇದಕ್ಕೆ ಜೋರಾಗಿ ತಕರಾರು ತೆಗೆದರು. ಅಂಕಿ ಕಂಡ ಕೂಡಲೇ "ಯಾವುದರಿಂದ ಭಾಗಿಸಿದ್ದೀರಿ?" ಎಂದು ಕೇಳಬೇಕೆನ್ನುವುದು ಈ ಕಾರಣಕ್ಕೆ.

ಎರಡನೆಯ ತೊಡಕು, ಎಂಥ ರೋಗಿಗಳು ಬರುತ್ತಾರೆ ಎಂಬುದು. ಲೆಕ್ಕಕ್ಕಾಗಿ ಕ, ಖ ಎಂಬ ಎರಡು ಆಸ್ಪತ್ರೆ ಇಟ್ಟುಕೊಳ್ಳೋಣ, ಎರಡರಲ್ಲೂ 1,000 ರೋಗಿಗಳು. ಕ ಆಸ್ಪತ್ರೆಗೆ ಬಂದವರಲ್ಲಿ 900 ಜನ ಕಡಿಮೆ ಅಪಾಯದವರು, ಅವರಲ್ಲಿ 9 ಸಾವು. 100 ಜನ ಹೆಚ್ಚು ಅಪಾಯದವರು, ಅವರಲ್ಲಿ 10 ಸಾವು. ಒಟ್ಟು 19, ಅಂದರೆ ಶೇ. 1.9. ಖ ಆಸ್ಪತ್ರೆಯಲ್ಲಿ ಕಡಿಮೆ ಅಪಾಯದ 400 ಜನರಲ್ಲಿ 2 ಸಾವು, ಹೆಚ್ಚು ಅಪಾಯದ 600 ಜನರಲ್ಲಿ 48 ಸಾವು. ಒಟ್ಟು 50, ಅಂದರೆ ಶೇ. 5. ಮೇಲ್ನೋಟಕ್ಕೆ ಖ ಭಯ ಹುಟ್ಟಿಸುತ್ತದೆ. ಬಿಡಿಸಿ ನೋಡಿ: ಕಡಿಮೆ ಅಪಾಯದವರಲ್ಲಿ ಕ ಶೇ. 1, ಖ ಶೇ. 0.5. ಹೆಚ್ಚು ಅಪಾಯದವರಲ್ಲಿ ಕ ಶೇ. 10, ಖ ಶೇ. 8. ಯಾವ ಗುಂಪಿಗೆ ಸೇರಿದವರೇ ಆಗಲಿ, ಬದುಕುವ ಸಾಧ್ಯತೆ ಖದಲ್ಲೇ ಹೆಚ್ಚು. ಬೇರೆಯವರು ಕೈಬಿಟ್ಟ ಕಷ್ಟದ ಕೇಸುಗಳನ್ನು ತೆಗೆದುಕೊಳ್ಳುವ ಆಸ್ಪತ್ರೆಗೆ ಒಟ್ಟು ಅಂಕಿ ಯಾವತ್ತೂ ಅನ್ಯಾಯ ಮಾಡುತ್ತದೆ.

ಇದನ್ನು ಸರಿದೂಗಿಸಲು "ನಿರೀಕ್ಷಿತ ಸಾವು" ಲೆಕ್ಕ ಹಾಕುತ್ತಾರೆ. ಇಂಥ ವಯಸ್ಸು, ಇಂಥ ಕಾಯಿಲೆಗಳಿರುವ ರೋಗಿಗಳಲ್ಲಿ ಸರಾಸರಿ ಎಷ್ಟು ಸಾವು ಆಗಬಹುದಿತ್ತು ಎಂಬ ಅಂದಾಜು ಅದು. ಸರಾಸರಿ ಕಡಿಮೆ ಅಪಾಯದವರಲ್ಲಿ ಶೇ. 0.8, ಹೆಚ್ಚು ಅಪಾಯದವರಲ್ಲಿ ಶೇ. 9 ಎಂದಿಟ್ಟುಕೊಂಡರೆ ಕ ಆಸ್ಪತ್ರೆಯಲ್ಲಿ 16.2 ನಿರೀಕ್ಷಿತ, ಆದದ್ದು 19, ಅನುಪಾತ 1.17. ಖದಲ್ಲಿ ನಿರೀಕ್ಷಿತ 57.2, ಆದದ್ದು 50, ಅನುಪಾತ 0.87. ಒಂದಕ್ಕಿಂತ ಕಡಿಮೆಯಿದ್ದರೆ ನಿರೀಕ್ಷೆಗಿಂತ ಮೇಲು. ಕೆಲವು ವರದಿಗಳು ಇದನ್ನೇ 100ರಿಂದ ಗುಣಿಸಿ 117, 87 ಎಂದು ಬರೆಯುತ್ತವೆ.

ಇನ್ನೂ ಒಂದನ್ನು ಬಿಡದೆ ಕೇಳಿ: ಆಸ್ಪತ್ರೆಯೊಳಗೆ ಆದ ಸಾವು ಮಾತ್ರವೋ, ಆಪರೇಷನ್ ಆಗಿ 30 ದಿನದೊಳಗೆ ಎಲ್ಲೇ ಆದರೂ ಸೇರಿಸಿದ ಲೆಕ್ಕವೋ? ಉಳಿಯುವುದಿಲ್ಲ ಎಂದಾಗ ಮನೆಗೆ ಕಳುಹಿಸಿದರೆ ಒಳಗಿನ ಲೆಕ್ಕ ತಾನಾಗಿ ಚೆನ್ನಾಗಿ ಕಾಣುತ್ತದೆ.

ಸೋಂಕಿನ ಅಂಕಿಗಳನ್ನು ಹೇಗೆ ಓದಬೇಕು?

ಉದಾಹರಣೆಗೆ ಸೆಂಟ್ರಲ್ ಲೈನ್ ರಕ್ತಸೋಂಕು. ಕುತ್ತಿಗೆ, ಎದೆ ಅಥವಾ ತೊಡೆಸಂದಿಯ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಯ ಮೂಲಕ ಕೀಟಾಣು ರಕ್ತಕ್ಕೆ ಸೇರುವುದು. "ಈ ವರ್ಷ 6 ಸೋಂಕು" ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಲೆಕ್ಕ ಹಾಕುವುದು 1,000 ಲೈನ್ ದಿನಗಳಿಗೆ. ದಿನವೂ ಒಂದೇ ಹೊತ್ತಿಗೆ ವಾರ್ಡ್‌ನಲ್ಲಿ ಎಷ್ಟು ರೋಗಿಗಳಿಗೆ ಲೈನ್ ಇದೆ ಎಂದು ಎಣಿಸಿ, ಎಲ್ಲ ದಿನಗಳ ಎಣಿಕೆಯನ್ನು ಕೂಡಿಸುತ್ತಾರೆ. ಒಬ್ಬರಿಗೇ ಎರಡು ಲೈನ್ ಇದ್ದರೂ ಒಂದೆಂದೇ ಎಣಿಕೆ. ವರ್ಷಕ್ಕೆ 3,000 ಲೈನ್ ದಿನಗಳಲ್ಲಿ 6 ಸೋಂಕಾದರೆ ದರ 2. ಪಕ್ಕದ ಆಸ್ಪತ್ರೆಯಲ್ಲಿ 900 ಲೈನ್ ದಿನಗಳಲ್ಲಿ 3 ಸೋಂಕಾದರೆ ದರ 3.3. ಮೂರು ಆರಕ್ಕಿಂತ ಕಡಿಮೆ ಎಂದುಕೊಂಡವರು ಇಲ್ಲಿ ಸೋಲುತ್ತಾರೆ.

ಈ ಸೋಂಕು ವಿಧಿಲಿಖಿತವಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಐದು ಕೆಲಸಗಳನ್ನು ತಪ್ಪದೆ ಮಾಡಿದಾಗ ಇದು ಬಹಳ ಇಳಿಯಿತೆಂದು 2006ರಲ್ಲಿ ವರದಿಯಾಯಿತು: ಕೈ ತೊಳೆಯುವುದು, ಲೈನ್ ಹಾಕುವಾಗ ಟೋಪಿ, ಮಾಸ್ಕ್, ಗೌನ್, ಕೈಗವಸಿನ ಜೊತೆಗೆ ರೋಗಿಯ ಮೈಮೇಲೆ ದೊಡ್ಡ ಶುದ್ಧ ಹೊದಿಕೆ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ, ಸಾಧ್ಯವಾದಷ್ಟೂ ತೊಡೆಸಂದಿಯ ರಕ್ತನಾಳ ಬಿಡುವುದು, ಬೇಡವಾದ ದಿನವೇ ಲೈನ್ ತೆಗೆಯುವುದು. ಸಾಮಾನ್ಯವಾಗಿ ಮರೆತುಹೋಗುವುದು ಕೊನೆಯದು. "ಇವತ್ತು ಈ ಲೈನ್ ಇನ್ನೂ ಬೇಕೇ?" ಎಂದು ಬೆಳಗಿನ ರೌಂಡ್ಸ್‌ನಲ್ಲಿ ಯಾರಾದರೂ ಕೇಳಲೇಬೇಕೆಂಬ ನಿಯಮ ಇರುವ ಐಸಿಯು ನಂಬಿಕೆಗೆ ಅರ್ಹ. ಮೂತ್ರದ ಕ್ಯಾಥೆಟರ್‌ಗೂ ಇದೇ ಮಾತು.

ಆಪರೇಷನ್ ಗಾಯದ ಸೋಂಕಿನ ಬಗ್ಗೆ ವಿಚಾರಿಸುವಾಗ ಮನೆಗೆ ಹೋದವರನ್ನು ಎಷ್ಟು ದಿನ ಹಿಂಬಾಲಿಸಿ ಕೇಳುತ್ತಾರೆ ಎಂದು ತಿಳಿದುಕೊಳ್ಳಿ. ಗಾಯ ಕೀವಾಗುವುದು ಬಹುಪಾಲು ಮನೆಗೆ ಹೋದ ಮೇಲೆ. ಫೋನ್ ಮಾಡಿ ವಿಚಾರಿಸದ ಆಸ್ಪತ್ರೆಯ ಸೊನ್ನೆ, ನೋಡದೇ ಬರೆದ ಸೊನ್ನೆ.

"ಈ ಆಪರೇಷನ್‌ನಲ್ಲಿ ನಮ್ಮಲ್ಲಿ ಒಂದೂ ಸಾವಾಗಿಲ್ಲ" ಎನ್ನುತ್ತಾರೆ. ನಂಬಬಹುದೇ?

ಎಷ್ಟು ಮಾಡಿದ್ದಾರೆ ಎಂದು ಕೇಳಿ, 3ನ್ನು ಆ ಸಂಖ್ಯೆಯಿಂದ ಭಾಗಿಸಿ. 60 ಆಪರೇಷನ್‌ನಲ್ಲಿ ಸೊನ್ನೆ ಸಾವು ಎಂದರೆ ನಿಜವಾದ ಅಪಾಯ ಶೇ. 5ರವರೆಗೂ ಇರಬಹುದು. 1,500ರಲ್ಲಿ ಸೊನ್ನೆಯಾದರೆ ಶೇ. 0.2ರವರೆಗೆ. ಸಂಖ್ಯಾಶಾಸ್ತ್ರದವರು ದಿನನಿತ್ಯ ಬಳಸುವ ಸುಲಭ ಲೆಕ್ಕ ಇದು.

ಹೆಚ್ಚು ಆಪರೇಷನ್ ಮಾಡುವ ಕಡೆಗೇ ಹೋಗಬೇಕೇ?

ಕಷ್ಟದ ಆಪರೇಷನ್ ಆದರೆ ಹೌದು, ದೂರವಾದರೂ ಹೋಗಿ. 2002ರಲ್ಲಿ ಅಮೆರಿಕದ ಹಿರಿಯ ನಾಗರಿಕರ ಬಗ್ಗೆ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮೇದೋಜೀರಕ ಗ್ರಂಥಿಯ ಭಾಗ ತೆಗೆಯುವ ಆಪರೇಷನ್ ತೀರಾ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ. 16.3, ಅತಿ ಹೆಚ್ಚು ಮಾಡುವಲ್ಲಿ ಶೇ. 3.8. ಅದೇ ಅಧ್ಯಯನದಲ್ಲಿ ಕುತ್ತಿಗೆಯ ರಕ್ತನಾಳ ಶುಚಿಮಾಡುವ ಆಪರೇಷನ್‌ಗೆ ಈ ವ್ಯತ್ಯಾಸ ಶೇ. 1.7 ಮತ್ತು 1.5, ಇಲ್ಲವೆಂದರೂ ನಡೆದೀತು. ಅಂದರೆ ಸಂಖ್ಯೆಯ ಬೆಲೆ ಆಪರೇಷನ್‌ನಿಂದ ಆಪರೇಷನ್‌ಗೆ ಬೇರೆ. ಅನ್ನನಾಳ, ಮೇದೋಜೀರಕ ಗ್ರಂಥಿಯಂಥವಕ್ಕೆ ಅದು ದೊಡ್ಡ ವಿಷಯ.

ಆಸ್ಪತ್ರೆಯ ಸಂಖ್ಯೆ, ಸರ್ಜನ್ನರ ಸಂಖ್ಯೆ ಎರಡನ್ನೂ ಕೇಳಿ. ಒಳ್ಳೆಯ ಕೈಗೆ ಅರಿವಳಿಕೆ, ಐಸಿಯು, ನರ್ಸಿಂಗ್ ಜೊತೆ ಕೊಡದಿದ್ದರೆ ಆ ಕೈಯೊಂದೇ ರೋಗಿಯನ್ನು ಉಳಿಸಲಾರದು.

ತಪ್ಪುಗಳನ್ನು ಹೆಚ್ಚು ವರದಿ ಮಾಡಿರುವ ಆಸ್ಪತ್ರೆಯನ್ನು ಬಿಟ್ಟುಬಿಡಬೇಕೇ?

ಬಿಡಬೇಡಿ, ಹೆಚ್ಚಾಗಿ ಅದು ಒಳ್ಳೆಯ ಲಕ್ಷಣವೇ. ತಪ್ಪಾದ ಔಷಧಿ ಕೈಗೆ ಬಂದು, ಕೊಡುವ ಮೊದಲೇ ಗೊತ್ತಾಗಿ ತಪ್ಪಿದ್ದನ್ನೂ ನರ್ಸ್ ಭಯವಿಲ್ಲದೆ ಬರೆದಿಡುತ್ತಾರೆಂದರೆ ಅಲ್ಲಿ ತಪ್ಪು ಬಯಲಿಗೆ ಬರುತ್ತದೆ, ದಾರಿ ಸರಿಹೋಗುತ್ತದೆ. ಬರೆದವರಿಗೇ ಶಿಕ್ಷೆ ಕೊಡುವ ಕಡೆ ವರದಿ ಪುಸ್ತಕ ಖಾಲಿ ಇರುತ್ತದೆ. ಆಪರೇಷನ್ ಮಾಡಬೇಕಾದ ಕಾಲು ಬಿಟ್ಟು ಇನ್ನೊಂದು ಕಾಲು, ಹೊಟ್ಟೆಯೊಳಗೆ ಉಳಿದ ಗಾಜ್ ಬಟ್ಟೆ, ಹೊಂದದ ರಕ್ತ ಕೊಟ್ಟಿದ್ದು: ಇವು ಒಂದೂ ಆಗಬಾರದ ಘಟನೆಗಳು, ಇವಕ್ಕೆ ಈ ರಿಯಾಯಿತಿ ಇಲ್ಲ.

ಮಾನ್ಯತೆ ಪತ್ರ ಇದ್ದರೆ ಸಾಕೇ?

ಮಾನ್ಯತೆ ಎಂದರೆ ಪರಿಶೀಲಕರು ಬಂದು ದಾಖಲೆ, ನಿಯಮ, ಕೆಲಸದ ಕ್ರಮ ನೋಡಿ ಇಷ್ಟು ಮಟ್ಟವಂತೂ ಇದೆ ಎಂದು ಒಪ್ಪಿದ್ದಾರೆ ಎಂದಷ್ಟೇ. ಇಲ್ಲದ್ದಕ್ಕಿಂತ ಇರುವುದು ಮೇಲು. ಯಾವ ಸಂಸ್ಥೆಯದು, ಇಡೀ ಆಸ್ಪತ್ರೆಗೋ ಪ್ರಯೋಗಾಲಯಕ್ಕೆ ಮಾತ್ರವೋ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಆ ಸಂಸ್ಥೆಯ ಪಟ್ಟಿಯಲ್ಲೇ ನೋಡಿ, ಗೋಡೆಯ ಮೇಲಿನ ಫ್ರೇಮ್ ನೋಡಿ ಅಲ್ಲ.

ಒಂದು ರೇಟಿಂಗ್‌ನಲ್ಲಿ ಮೊದಲ ಸಾಲು, ಇನ್ನೊಂದರಲ್ಲಿ ಹೆಸರೇ ಇಲ್ಲ. ಯಾಕೆ ಹೀಗೆ?

ಒಂದೊಂದು ಒಂದೊಂದನ್ನು ಅಳೆಯುತ್ತದೆ. ಅಮೆರಿಕದ ನಾಲ್ಕು ರಾಷ್ಟ್ರೀಯ ರೇಟಿಂಗ್‌ಗಳನ್ನು 2015ರಲ್ಲಿ ಎದುರುಬದುರು ಇಟ್ಟು ನೋಡಿದಾಗ ನಾಲ್ಕೂ ಮೆಚ್ಚಿದ ಆಸ್ಪತ್ರೆ ಒಂದೂ ಸಿಗಲಿಲ್ಲ. ಒಂದರಲ್ಲಿ ಮೇಲಿದ್ದವುಗಳ ಪೈಕಿ ಇನ್ನೊಂದರಲ್ಲೂ ಮೇಲಿದ್ದವು ಶೇ. 10 ಮಾತ್ರ. ಒಟ್ಟು ನಕ್ಷತ್ರವನ್ನು ಬಿಟ್ಟು ಒಳಗಿನ ಪುಟಕ್ಕೆ ಹೋಗಿ. ಅಂಕಿ ಯಾವ ವರ್ಷದ್ದು (ಎರಡು ಮೂರು ವರ್ಷ ಹಳೆಯದಿರುವುದು ಸಾಮಾನ್ಯ), ಆಸ್ಪತ್ರೆಯೇ ಕೊಟ್ಟಿದ್ದೋ ಹೊರಗಿನವರು ಪರೀಕ್ಷಿಸಿದ್ದೋ, ಹೆಸರು ಮಾಡಿದ್ದಕ್ಕೆ ಎಷ್ಟು ಅಂಕ ಎಂದು ನೋಡಿ. 12ನೇ ಸ್ಥಾನಕ್ಕೂ 19ನೇ ಸ್ಥಾನಕ್ಕೂ ನಿಜವಾದ ಅಂತರ ಬಹಳ ಸಲ ಇರುವುದೇ ಇಲ್ಲ. ಅಂಕಿಯ ಪಕ್ಕದಲ್ಲಿ "ಇಷ್ಟರಿಂದ ಇಷ್ಟರವರೆಗೆ" ಎಂಬ ವ್ಯಾಪ್ತಿ ಕೊಟ್ಟಿದ್ದು, ಎರಡು ಆಸ್ಪತ್ರೆಗಳ ವ್ಯಾಪ್ತಿ ಬಹುಪಾಲು ಒಂದರ ಮೇಲೊಂದು ಬಿದ್ದಿದ್ದರೆ ಅವೆರಡನ್ನೂ ಸಮ ಎಂದೇ ತಿಳಿಯಿರಿ.

ಆಪರೇಷನ್ ಥಿಯೇಟರ್ ಒಳಗೆ ನಾವು ಹೋಗಲಾರೆವು. ಅಲ್ಲಿನ ಸುರಕ್ಷತೆ ಹೇಗೆ ತಿಳಿಯುವುದು?

ಚೆಕ್‌ಲಿಸ್ಟ್ ಬಗ್ಗೆ ಕೇಳಿ, ಅದನ್ನು *ಹೇಗೆ* ಮಾಡುತ್ತಾರೆ ಎಂದು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಪಟ್ಟಿ ಮೂರು ಹೊತ್ತಿನಲ್ಲಿ ಓದುವಂಥದ್ದು: ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಬಳಸಿದಾಗ ಸಾವು ಶೇ. 1.5ರಿಂದ 0.8ಕ್ಕೆ, ತೊಂದರೆಗಳು ಶೇ. 11ರಿಂದ 7ಕ್ಕೆ ಇಳಿದವೆಂದು 2009ರಲ್ಲಿ ಪ್ರಕಟವಾಯಿತು. ಕೆನಡಾದ ಒಂಟಾರಿಯೊದಲ್ಲಿ ಇದನ್ನು ಕಡ್ಡಾಯ ಮಾಡಿ 101 ಆಸ್ಪತ್ರೆಗಳ ಲೆಕ್ಕ ತೆಗೆದಾಗ, 2014ರ ವರದಿಯ ಪ್ರಕಾರ, ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಹಾಳೆ ಇದ್ದ ಮಾತ್ರಕ್ಕೆ ಫಲ ಸಿಗುವುದಿಲ್ಲ. ಎಲ್ಲರೂ ಕೈ ನಿಲ್ಲಿಸಿ, ಗಟ್ಟಿಯಾಗಿ ಓದಿ, ಉತ್ತರ ಹೇಳಿ ಮುಂದುವರಿಯಬೇಕು. ಎಷ್ಟೋ ಕಡೆ ಒಬ್ಬರೇ ಮೂಲೆಯಲ್ಲಿ ಕುಳಿತು ಎಲ್ಲಕ್ಕೂ ಟಿಕ್ ಹಾಕಿಬಿಡುತ್ತಾರೆ.

ನಿಮ್ಮ ಕಣ್ಣಿಗೇ ಕಾಣುವ ಗುರುತುಗಳೂ ಇವೆ. ನೀವು ಎಚ್ಚರವಿರುವಾಗಲೇ ಸರ್ಜನ್ ಬಂದು ಆಪರೇಷನ್ ಜಾಗದ ಮೇಲೆ ಮಾರ್ಕರ್‌ನಿಂದ ಗುರುತು ಹಾಕಬೇಕು. ಕೂದಲು ತೆಗೆಯಬೇಕಾದರೆ ಕ್ಲಿಪ್ಪರ್ ಬಳಸಬೇಕು; ಬ್ಲೇಡ್‌ನಿಂದ ಬೋಳಿಸಿದರೆ ಕಣ್ಣಿಗೆ ಕಾಣದ ಗೀರುಗಳಾಗಿ ಸೋಂಕಿಗೆ ದಾರಿಯಾಗುತ್ತದೆ. ಆ್ಯಂಟಿಬಯಾಟಿಕ್ ಬೇಕಾದ ಆಪರೇಷನ್‌ಗಳಲ್ಲಿ ಹೆಚ್ಚಿನ ಔಷಧಿಗಳನ್ನು ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಕೊಡುವುದು ರೂಢಿ. ವಾರ್ಡ್‌ನಲ್ಲೇ ಕೊಟ್ಟು ಮೂರು ಗಂಟೆ ಕಾಯಿಸಿದರೆ ರಕ್ತದಲ್ಲಿ ಅದರ ಬಲ ಕುಗ್ಗಿರುತ್ತದೆ.

ವಾರ್ಡ್‌ಗೆ ಹೋಗಿ ನೋಡಿದರೆ ಏನಾದರೂ ತಿಳಿಯುತ್ತದೆಯೇ?

ಬಹಳ ತಿಳಿಯುತ್ತದೆ, ನೆಲದ ಹೊಳಪು ನೋಡುವುದನ್ನು ಬಿಟ್ಟರೆ. ಭೇಟಿಯ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ನಿಂತು ಕೈಗಳನ್ನೇ ನೋಡಿ. ಹಾಸಿಗೆಯ ಬಳಿ ಕೈಗೆಟುಕುವಂತೆ ಸ್ಯಾನಿಟೈಸರ್ ಇದೆಯೇ, ಬಾಟಲಿಯಲ್ಲಿ ದ್ರವ ಇದೆಯೇ? ರೋಗಿಯನ್ನು ಮುಟ್ಟುವ ಮೊದಲು, ಶುದ್ಧವಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ರಕ್ತ ಮೂತ್ರ ತಾಗುವ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ಹಾಸಿಗೆ ಮೇಜು ಮುಟ್ಟಿದ ನಂತರ: ಈ ಐದು ಹೊತ್ತಿನಲ್ಲೂ ಕೈ ಶುಚಿಯಾಗಬೇಕು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡ್. ಒಂದೇ ಜೊತೆ ಕೈಗವಸು ಹಾಕಿಕೊಂಡು ಮೂರು ಹಾಸಿಗೆ ಸುತ್ತುವುದು ಕಂಡರೆ, ಆ ಗವಸು ರಕ್ಷಿಸುತ್ತಿರುವುದು ಹಾಕಿಕೊಂಡವರನ್ನು ಮಾತ್ರ.

ಔಷಧಿ ಕೊಡುವಾಗ ನರ್ಸ್ ರೋಗಿಯ ಮಣಿಕಟ್ಟಿನ ಪಟ್ಟಿ ಓದಿ, "ನಿಮ್ಮ ಹೆಸರು ಹೇಳಿ" ಎನ್ನಬೇಕು. "ನೀವು ಇಂಥವರೇ ತಾನೇ?" ಎಂದು ಕೇಳಿದರೆ ಮಂಪರಿನಲ್ಲಿರುವವರು ಯಾವ ಹೆಸರಿಗೂ ಹೂಂಗುಟ್ಟುತ್ತಾರೆ. ಕೈಯ ರಕ್ತನಾಳಕ್ಕೆ ಹಾಕಿರುವ ಸಣ್ಣ ಕೊಳವೆಯ (ಕ್ಯಾನುಲಾ) ಪಟ್ಟಿಯ ಮೇಲೆ ಹಾಕಿದ ದಿನಾಂಕ ಬರೆದಿದೆಯೇ, ಸುತ್ತ ಚರ್ಮ ಕೆಂಪಾಗಿದೆಯೇ ನೋಡಿ. ಇನ್ಸುಲಿನ್ ಪ್ರಮಾಣವನ್ನು ಕೇಸ್ ಶೀಟ್‌ನಲ್ಲಿ "ಯೂನಿಟ್" ಎಂದು ಪೂರ್ತಿ ಬರೆದಿರಬೇಕು. ಇಂಗ್ಲಿಷಿನ ಯು ಅಕ್ಷರ ಮಾತ್ರ ಬರೆದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಿಬಿಡುವ ಅಪಾಯವಿದೆ. ಗಾಢ ಪೊಟ್ಯಾಸಿಯಂ ಕ್ಲೋರೈಡ್ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಸಾಮಾನ್ಯ ವಾರ್ಡ್‌ನ ಕಪಾಟಿನಲ್ಲಿ ಅದನ್ನು ಇಡುತ್ತೀರಾ ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ತಟ್ಟನೆ ಬರಬೇಕು.

ನರ್ಸ್‌ಗಳ ಸಂಖ್ಯೆ ಅಷ್ಟು ಮುಖ್ಯವೇ?

ಯಂತ್ರಗಳಿಗಿಂತ ಮುಖ್ಯ. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಪರೇಷನ್ ಆದವರಲ್ಲಿ 30 ದಿನದೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರುವುದನ್ನು 2002ರ ಅಮೆರಿಕದ ಅಧ್ಯಯನವೊಂದು ಗುರುತಿಸಿತು. ಕಾರಣ ಊಹಿಸುವುದು ಕಷ್ಟವಲ್ಲ. ರೋಗಿ ಹದಗೆಡುವುದು ಒಮ್ಮೆಲೇ ಅಲ್ಲ. ಉಸಿರಾಟದ ವೇಗ ಮೊದಲು ಏರುತ್ತದೆ, ನಾಡಿ ಏರುತ್ತದೆ, ಬಿಪಿ ಇಳಿಯುತ್ತದೆ. ಇದನ್ನು ಕಾಣಲು ಒಬ್ಬರು ಬಳಿ ಇರಬೇಕು.

2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕಣ್ಣು ತೆರೆಸುವಂಥದ್ದು. ಸಾವು ಕಡಿಮೆ ಇರುವ, ಹೆಚ್ಚು ಇರುವ ಆಸ್ಪತ್ರೆಗಳಲ್ಲಿ ಆಪರೇಷನ್ ನಂತರದ ತೊಂದರೆಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು, ಎರಡೂ ಕಡೆ ಶೇ. 25ರ ಆಸುಪಾಸು. ಆದರೆ ದೊಡ್ಡ ತೊಂದರೆ ಆದವರಲ್ಲಿ ಸತ್ತವರು ಸಾವು ಕಡಿಮೆ ಇರುವ ಕಡೆ ಶೇ. 12.5, ಹೆಚ್ಚು ಇರುವ ಕಡೆ 21.4. ವ್ಯತ್ಯಾಸ ಇದ್ದದ್ದು ತೊಂದರೆ ಬಂದ ಮೇಲೆ ಎಷ್ಟು ಬೇಗ ಗುರುತಿಸಿ ಹಿಡಿದರು ಎಂಬುದರಲ್ಲಿ. ಆದ್ದರಿಂದ ನಮ್ಮ ಸಲಹೆ: ಹಗಲಿನ ದೊಡ್ಡ ಡಾಕ್ಟರ ಹೆಸರು ಕೇಳುವಷ್ಟೇ ಗಂಭೀರವಾಗಿ, ರಾತ್ರಿ ಎರಡು ಗಂಟೆಗೆ ಬಿಪಿ ಇಳಿದರೆ ಯಾರು, ಎಷ್ಟು ನಿಮಿಷದಲ್ಲಿ ಹಾಸಿಗೆಯ ಬಳಿ ಬರುತ್ತಾರೆ ಎಂದು ಕೇಳಿ.

ಫೋನ್ ಮಾಡಿ ಅಥವಾ ಎದುರಿಗೆ ಕುಳಿತು ಏನೇನು ಕೇಳಬೇಕು?

ಚಿಕ್ಕ ಚೀಟಿಯಲ್ಲಿ ಇಷ್ಟು ಬರೆದುಕೊಂಡು, ಎರಡು ಮೂರು ಆಸ್ಪತ್ರೆಗೂ ಇವೇ ಮಾತುಗಳಲ್ಲಿ ಕೇಳಿ:

- ಕಳೆದ 12 ತಿಂಗಳಲ್ಲಿ ಈ ಆಪರೇಷನ್ ಇಲ್ಲಿ ಎಷ್ಟಾಗಿದೆ? ನನಗೆ ಮಾಡುವ ಸರ್ಜನ್ ಎಷ್ಟು ಮಾಡಿದ್ದಾರೆ?
- 30 ದಿನದೊಳಗೆ ಸಾವು, ಎರಡನೇ ಸಲ ಆಪರೇಷನ್, ಮತ್ತೆ ದಾಖಲಾದವರು ಎಷ್ಟು?
- ಗಾಯದ ಸೋಂಕನ್ನು ಡಿಸ್ಚಾರ್ಜ್ ನಂತರವೂ ಎಣಿಸುತ್ತೀರಾ?
- ಐಸಿಯುನಲ್ಲಿ ರಾತ್ರಿ ಡಾಕ್ಟರ್ ಒಳಗೇ ಇರುತ್ತಾರೋ, ಕರೆದರೆ ಬರುತ್ತಾರೋ?
- ಕಳೆದ ವರ್ಷ ಇಲ್ಲಿ ಆದ ಒಂದು ತಪ್ಪು ಯಾವುದು, ಅದಾದ ಮೇಲೆ ಏನನ್ನು ಬದಲಿಸಿದಿರಿ?

ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. "ನಮ್ಮಲ್ಲಿ ತಪ್ಪೇ ಆಗುವುದಿಲ್ಲ" ಎಂದರೆ ಅಲ್ಲಿ ಯಾರೂ ಲೆಕ್ಕ ಇಡುತ್ತಿಲ್ಲ ಎಂಬ ಅನುಮಾನ ಬರಬೇಕು. ರೋಗಿಯ ಹೆಸರು ಹೇಳದೆ, ಆದದ್ದನ್ನೂ ತಿದ್ದಿಕೊಂಡದ್ದನ್ನೂ ನೇರವಾಗಿ ಹೇಳುವವರು ನಿಮ್ಮ ವಿಷಯದಲ್ಲೂ ಮುಚ್ಚಿಡುವ ಸಾಧ್ಯತೆ ಕಡಿಮೆ. ಅಂಕಿ ಕೊಡದಿದ್ದರೆ ಜಗಳಕ್ಕೆ ನಿಲ್ಲಬೇಡಿ, ಕೊಡಲಿಲ್ಲ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ.

ತುರ್ತು ಸಂದರ್ಭದಲ್ಲಿ?

ಹೋಲಿಸುತ್ತಾ ಕೂರಬೇಡಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ನಿಲ್ಲದ ರಕ್ತಸ್ರಾವ ಕಂಡರೆ ಆಂಬುಲೆನ್ಸ್ ಕರೆದು, ಆ ಚಿಕಿತ್ಸೆ ಇರುವ ಅತಿ ಹತ್ತಿರದ ಜಾಗಕ್ಕೆ ಹೋಗಬೇಕು. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಲಕ್ಷಣ ಕಂಡ 4.5 ಗಂಟೆಯೊಳಗಿನ ಅವಕಾಶ. ಆರೋಗ್ಯವಾಗಿರುವಾಗಲೇ, ನಿಮ್ಮ ಹತ್ತಿರ ಹಗಲೂ ರಾತ್ರಿ ಸಿ.ಟಿ. ಸ್ಕ್ಯಾನ್, ಆ್ಯಂಜಿಯೊಪ್ಲಾಸ್ಟಿ ಎಲ್ಲಿ ಆಗುತ್ತದೆಂದು ವಿಚಾರಿಸಿ ಮನೆಯವರಿಗೆಲ್ಲ ತಿಳಿಸಿಡಿ.

ಇತರ ರೋಗಿಗಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೇ?

ವಿಷಯವನ್ನು ವಿವರವಾಗಿ ತಿಳಿಸಿದರೇ, ನೋವು ಕೇಳುವವರಿದ್ದರೇ, ಬೆಲ್ ಒತ್ತಿದರೆ ಬಂದರೇ ಎಂಬ ವಿಷಯಗಳಲ್ಲಿ ಅವರಷ್ಟು ತಿಳಿದವರು ಬೇರೆ ಇಲ್ಲ. ಸೋಂಕು, ಔಷಧಿ ತಪ್ಪು ಅವರ ಕಣ್ಣಿಗೆ ಬೀಳದಿರಬಹುದು. ಊಟ, ಪಾರ್ಕಿಂಗ್ ಬಗೆಗಿನ ಸಾಲುಗಳನ್ನು ದಾಟಿ ಮುಂದೆ ಹೋಗಿ.

ಡಿಸ್ಚಾರ್ಜ್ ಆಗುವ ಕ್ರಮದಿಂದಲೂ ಗುಣಮಟ್ಟ ಅಳೆಯಬಹುದೇ?

ಅಳೆಯಬಹುದು, ಅಳೆಯಲೇಬೇಕು. ಮನೆಗೆ ಹೋದ ಮೊದಲ ದಿನಗಳಲ್ಲಿ ಆಗುವ ಹಾನಿಯಲ್ಲಿ ಔಷಧಿಯ ಗೊಂದಲದ ಪಾಲು ದೊಡ್ಡದು: ಮೊದಲಿನ ಬಿಪಿ ಮಾತ್ರೆಯ ಜೊತೆಗೆ ಬೇರೆ ಹೆಸರಿನ ಅದೇ ಮಾತ್ರೆ, ಅಥವಾ ಆಪರೇಷನ್‌ಗೆಂದು ನಿಲ್ಲಿಸಿದ ರಕ್ತ ತೆಳುವಾಗಿಸುವ ಮಾತ್ರೆ ಮತ್ತೆ ಶುರುವಾಗದೇ ಇರುವುದು. ಒಳ್ಳೆಯ ಡಿಸ್ಚಾರ್ಜ್ ಸಾರಾಂಶದಲ್ಲಿ ಮುಂದುವರಿಸುವ, ನಿಲ್ಲಿಸಿದ, ಹೊಸದಾಗಿ ಕೊಟ್ಟ ಔಷಧಿಗಳು ಮೂರು ಗುಂಪಾಗಿ, ನಿಲ್ಲಿಸಿದ ಕಾರಣದೊಂದಿಗೆ ಇರುತ್ತವೆ. ಇನ್ನೂ ಫಲಿತಾಂಶ ಬರಬೇಕಾದ ಪರೀಕ್ಷೆಗಳ ಹೆಸರು, ಅದನ್ನು ಯಾರು ನೋಡಿ ತಿಳಿಸುತ್ತಾರೆ ಎಂಬುದೂ ಇರಬೇಕು; ಬಯಾಪ್ಸಿ ವರದಿ ಯಾರ ಮೇಜಿಗೂ ಬಾರದೆ ಉಳಿಯುವುದು ಹೀಗೆ ಬರೆಯದಿದ್ದಾಗಲೇ. ಆ ಆಸ್ಪತ್ರೆಯಿಂದ ಈಚೆಗೆ ಬಂದ ಬಂಧುಗಳೋ ಪರಿಚಯದವರೋ ಇದ್ದರೆ, ಅವರು ಒಪ್ಪಿದರೆ, ಆ ಹಾಳೆಯನ್ನೊಮ್ಮೆ ಕೇಳಿ ಓದಿ. ಜ್ವರ ಬಂದರೆ, ಗಾಯ ಸೋರಿದರೆ, ಉಸಿರು ಕಟ್ಟಿದರೆ ಕರೆಯಬೇಕಾದ ನಂಬರ್ ಅದರಲ್ಲಿದ್ದರೆ, ರಾತ್ರಿ ಹೊತ್ತು ಆ ನಂಬರಿಗೆ ಒಬ್ಬ ನರ್ಸ್ ಉತ್ತರಿಸುತ್ತಾರೋ ಇಲ್ಲವೋ ಎಂದು ಅವರನ್ನೇ ಕೇಳಿ.